ಏಳನೇ ಕಂಬದ ನೀಲಿ ಗೆರೆ

ಸಂಕನಾಳ
ಫೆಬ್ರವರಿ 30, 2171
ನೆರಳುಹೊತ್ತು

ಹುಬ್ಬಳ್ಳಿಯ ಅಂಕಣ ವಿನ್ಯಾಸ ಕಚೇರಿಯ ನಫೀಸಾ ಮುಲ್ಲಾ ಅವರಿಗೆ, ಕಚೇರಿಯ ಯಜಮಾನತಿ ಶೈಲಜಾ ಕಬ್ಬೂರ ಮೇಡಂ ಅವರಿಗೆ, ನಿವೃತ್ತ ಡ್ರಾಫ್ಟ್ಸ್‌ಮನ್ ವೀರಭದ್ರಪ್ಪ ಬಡಿಗೇರ ಕಾಕಾ ಅವರಿಗೆ, ಸಂಕನಾಳದ ಕಾಶವ್ವ ಹೊಸಕೇರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಜನವರಿಯಿಂದ ಒಂದು ದಿನ, ಮಾರ್ಚ್‌ನಿಂದ ಒಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟಿದ್ದಾರೆ. ಪಾಪ, ಎರಡು ಸಾವಿರ ವರ್ಷ ಅದೊಂದೇ ತಿಂಗಳು ಗಿಡ್ಡವಾಗಿ ಓಡಾಡಿಕೊಂಡಿತ್ತು. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಹತ್ತೊಂಬತ್ತು ವರ್ಷ. ನಾನು ಬರೆಯಲು ಕಲಿತದ್ದೇ ಸಾಲುಮಾತಿನಲ್ಲಿ. ಸಾಲುಮಾತು ಅಂದರೆ ಒಬ್ಬರು ಹೇಳಿದ್ದರ ಕೆಳಗೆ ಇನ್ನೊಬ್ಬರು, ಅವರ ಕೆಳಗೆ ಮತ್ತೊಬ್ಬರು ಹೇಳುತ್ತಾ ಹೋಗುವ ಹರಟೆ. ನಿಮ್ಮ ಕಾಲದ ಗ್ರೂಪ್‌ಗಳ ಮೊಮ್ಮಗಳು ಅಂದುಕೊಳ್ಳಿ. ಹಾಗಾಗಿ ಈ ಪತ್ರವೂ ನಿಜಕ್ಕೂ ಒಂದು ಉತ್ತರವೇ. ನಫೀಸಾ ಅವರೇ, ನಿಮ್ಮ ಕಚೇರಿಯ ಗ್ರೂಪಿನಲ್ಲಿ ಕೊನೆಗೆ ಉಳಿದಿರುವ ಸಂದೇಶ ನಿಮ್ಮದು, ಒಂದು ಗುರುವಾರ ಸಂಜೆಯದು. "ಎರಡರಾಗ ಯಾವುದು ತಗೊಳ್ಳೂಣು? ನಾಳೆ ಹನ್ನೊಂದಕ್ಕ ಅವರಿಗೆ ಹೇಳಬೇಕು. ಯಾರರ ಒಬ್ಬರು ಬಾಯಿ ಬಿಡ್ರಿ." ಅದರ ಕೆಳಗೆ ಯಾರೂ ಬಾಯಿ ಬಿಟ್ಟಿಲ್ಲ. ನೂರಾ ನಲವತ್ತೈದು ವರ್ಷ ತಡವಾಗಿ ನಾನು ಬಿಡುತ್ತಿದ್ದೇನೆ.

ನಾನು ಯಾರು ಅಂದರೆ ನಿಮ್ಮ ಅಭಿಮಾನಿ. ನಾಚಿಕೆಯಿಲ್ಲದೆ ಹೇಳುತ್ತೇನೆ. ನಮ್ಮಲ್ಲಿ ಹಳೆಯ ಕಟ್ಟಡಗಳ ನಕ್ಷೆಗಳಿಗೆ ಮರುಳಾದ ಒಂದು ಗುಂಪು ಇದೆ, ನಮ್ಮನ್ನು ಹಾಳೆಹುಚ್ಚರು ಅನ್ನುತ್ತಾರೆ. ಯಾವ ಊರಿನ ಯಾವ ಕಚೇರಿ ಮೆಟ್ಟಿಲನ್ನು ಹೇಗೆ ಬರೆಯುತ್ತಿತ್ತು, ಯಾರು ಬಾಗಿಲಿನ ತಿರುವನ್ನು ಕೈಯಲ್ಲೇ ಎಳೆಯುತ್ತಿದ್ದರು ಎಂದು ದಿನಗಟ್ಟಲೆ ಜಗಳವಾಡುತ್ತೇವೆ. ಬಡಿಗೇರ ಕಾಕಾ, ನಿಮ್ಮ ಏಳು ಅಂಕಿಯನ್ನು ನಾನು ಕತ್ತಲಲ್ಲೂ ಗುರುತಿಸುತ್ತೇನೆ. ಅದರ ಸೊಂಟಕ್ಕೆ ಒಂದು ಅಡ್ಡಗೆರೆ, ಗೆರೆಯ ತುದಿಯಲ್ಲಿ ಸಣ್ಣ ಕೊಕ್ಕೆ. ಸರ್ಕಾರಿ ಕಡತಗಳಲ್ಲಿ ಉಳಿದ ನಿಮ್ಮ ಪ್ರತಿಗಳಿಂದ ಅದನ್ನು ಕಲಿತೆ. ನನ್ನ ಊಟದ ತಟ್ಟೆಯ ಹಿಂದೆ ಅದನ್ನೇ ಕೆತ್ತಿಸಿಕೊಂಡಿದ್ದೇನೆ.

ಈಗ ನಿಮ್ಮ ಕಟ್ಟಡದ ಸುದ್ದಿ. 1971ರಲ್ಲಿ ನಿಮ್ಮ ಕಚೇರಿ ಸಂಕನಾಳಕ್ಕೆ ಬಸ್ ನಿಲ್ದಾಣ ಕಟ್ಟಿಸಿತು. ಕಾಕಾ, ಆಗ ನೀವು ಇಪ್ಪತ್ತೆರಡು ವರ್ಷದ ಹುಡುಗ, ಹಾಳೆಗಳನ್ನೆಲ್ಲ ಬರೆದದ್ದು ನೀವು. ಮಡಿಕೆ ಹಾಕಿದ ಬೀಸಣಿಗೆಯಂಥ ಚಾವಣಿ, ಹದಿನಾಲ್ಕು ಕಂಬ. ಆ ಚಾವಣಿ ಇನ್ನೂ ನಿಂತಿದೆ. ಬಸ್ಸುಗಳಿಲ್ಲ, ನಾವು ದೂರದೂರಿಗೆ ಎಳೆಬಂಡಿಯಲ್ಲಿ ಹೋಗುತ್ತೇವೆ, ತಂತಿ ಎಳೆದುಕೊಂಡು ಹೋಗುವ ತೊಟ್ಟಿಲು ಅದು. ಆದರೆ ನಿಲ್ದಾಣ ಊರಿನ ನಡುಮನೆಯಾಗಿದೆ. ನಮ್ಮ ಕಾಲದ ಬಿಸಿಲು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹನ್ನೆರಡರಿಂದ ನಾಲ್ಕರವರೆಗೆ ಯಾರೂ ಬಯಲಲ್ಲಿ ಕೆಲಸ ಮಾಡುವಂತಿಲ್ಲ, ಅದಕ್ಕೇ ನೆರಳುಹೊತ್ತು ಅನ್ನುತ್ತೇವೆ. ಆ ನಾಲ್ಕು ತಾಸು ಇಡೀ ಊರು ನಿಮ್ಮ ಚಾವಣಿಯ ಕೆಳಗೆ. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳ ಶಾಲೆ, ಮೂರರಲ್ಲಿ ಕ್ಷೌರ, ನಾಲ್ಕರಲ್ಲಿ ಬೀಜ ಕೊಟ್ಟು ಬೀಜ ತೆಗೆದುಕೊಳ್ಳುವ ಕಟ್ಟೆ. ಐದರಲ್ಲಿ ನನ್ನ ದೊಡ್ಡವ್ವ ಗುರುಬಸವ್ವ ನಡೆಸುವ ಅಡುಗೆಮನೆ. ದಿನಕ್ಕೆ ನಾನೂರು ಜನ ಉಣ್ಣುತ್ತಾರೆ. ಬಸ್ಸು ಹೋಗುತ್ತಿದ್ದ ಊರುಗಳ ಹೆಸರಿನ ಹಳೆಯ ಹಲಗೆಗಳನ್ನು ಯಾರೂ ತೆಗೆದಿಲ್ಲ. "ಎಲ್ಲಿ ಸಿಗ್ತೀ?" ಅಂದರೆ "ಧಾರವಾಡದ ಕೆಳಗ" ಅನ್ನುತ್ತೇವೆ. ದೊಡ್ಡವ್ವನ ಒಲೆ ಇರುವುದು ಧಾರವಾಡದ ಕೆಳಗೇ.

ಆ ಅಡುಗೆಮನೆಗೆ ಈಗ ಕುತ್ತು ಬಂದಿದೆ. ಕಟ್ಟಡಗಳ ಬುಡ ಪರೀಕ್ಷೆ ಮಾಡುವವರನ್ನು ನಾವು ಬುಡನೋಡಿ ಅನ್ನುತ್ತೇವೆ. ನಮ್ಮ ಜಿಲ್ಲೆಯ ಬುಡನೋಡಿ ಇರಾವತಿ ಅಂತ, ಕಳೆದ ಮಳೆಗಾಲದ ಕೊನೆಗೆ ಬಂದರು. ಅವರ ಯಂತ್ರ ನೆಲದೊಳಗೆ ಕಾಣುತ್ತದೆ. ನೋಡಿದರೆ ಹದಿಮೂರು ಕಂಬಗಳ ಬುಡ ಸರ್ಕಾರಿ ಪ್ರತಿಯಲ್ಲಿ ಇದ್ದಲ್ಲೇ ಇದೆ. ಏಳನೆಯದು ಮಾತ್ರ ನಾಲ್ಕೂವರೆ ಅಡಿ ಪೂರ್ವಕ್ಕಿದೆ. ನಮ್ಮಲ್ಲಿ ಒಂದು ಕಾಯಿದೆ: ತನ್ನ ಹಾಳೆಗೆ ಹೊಂದದ ಕಟ್ಟಡ ನಿಲ್ಲಬಾರದು. ಅದು ಹುಚ್ಚು ಕಾಯಿದೆಯಲ್ಲ. ನನ್ನ ತಾಯಿ ಚಿಕ್ಕವಳಿದ್ದಾಗ ಪಕ್ಕದ ಜಿಲ್ಲೆಯಲ್ಲಿ ನೆಲ ಜಾರಿ ಒಂದು ಸಂತೆಮಾಳಿಗೆ ಜನರ ಮೇಲೆ ಕುಸಿದಿತ್ತು. ಈ ಕಾಯಿದೆ ಅದರ ನಂತರ ಬಂದದ್ದು.

ದೊಡ್ಡವ್ವ ಸೌಟು ಹಿಡಿದುಕೊಂಡೇ ಜಗಳಕ್ಕೆ ಹೋದಳು. "ಎರಡು ನೂರು ವರ್ಷ ನಿಂತೈತವ್ವಾ, ನಿನ್ನ ಯಂತ್ರ ನಿನ್ನೆ ಹುಟ್ಟೈತಿ."

"ಹೌದಬೇ, ನಿಂತೈತಿ. ಜಾರಿಕೋತ ನಿಂತೈತೋ, ಗಟ್ಟಿಯಾಗಿ ನಿಂತೈತೋ ಅದನ್ನ ಹೇಳ್ರಿ," ಅಂದರು ಇರಾವತಿ. "ಆ ಕಂಬ ತಾನs ಜಾರಿದ್ದೋ, ಕಟ್ಟುವಾಗ ಯಾರರ ಬೇಕಂತ ಸರಿಸಿದ್ದೋ? ಸರಿಸಿದ್ದು ಅಂತ ಒಂದು ಚೂರು ಬರಹ ತೋರಸ್ರಿ. ಮೊದಲನೇ ಪಂಕ್ತ್ಯಾಗ ನಾನs ಊಟಕ್ಕ ಕೂಡ್ತೀನಿ. ಇಲ್ಲಂದ್ರ ಯುಗಾದಿಯೊಳಗ ಚಾವಣಿ ಇಳಸ್ತೀನಿ."

ಜಾರಿದ್ದೋ, ಸರಿಸಿದ್ದೋ. ಐದು ತಿಂಗಳಿಂದ ಊರಿನ ಬಾಯಲ್ಲಿ ಇದೊಂದೇ ಮಾತು. ಬೇರೆ ನೆರಳು ಕಟ್ಟಲು ಮೂರು ವರ್ಷ ಬೇಕಂತೆ. ಮೂರು ಬೇಸಿಗೆ ನಾವು ಎಲ್ಲಿ ಹೋಗಬೇಕು? ನಾನು ಹಗಲೆಲ್ಲ ಹಳೆಯ ಸಂಗ್ರಹಗಳನ್ನು ಜಾಲಾಡಿದೆ. ಕೊನೆಗೆ ನಿಮ್ಮ ಕಚೇರಿಯ ಒಂದು ಡಿಸ್ಕ್ ಸಿಕ್ಕಿತು. ಅರ್ಧ ಹಾಳಾಗಿತ್ತು. ಉಳಿದ ಅರ್ಧದಲ್ಲಿ ಎರಡು ಸಂಗತಿ ಇದ್ದವು. ಒಂದು, ನಿಮ್ಮ ಗ್ರೂಪಿನ ಒಂದು ವಾರದ ಮಾತುಕತೆ, ಧ್ವನಿ ಸಂದೇಶಗಳ ಸಮೇತ. ಇನ್ನೊಂದು, ನೀವು ಆಮೇಲೆ ಸ್ಕ್ಯಾನ್ ಮಾಡಿದ ಹಾಳೆಗಳ ಪಟ್ಟಿ. ಅದರಲ್ಲಿ "ಸಂಕನಾಳ ಬಸ್ ನಿಲ್ದಾಣ, ತಳಪಾಯ" ಎಂದು ಬರೆದಿದೆ. ಅದರ ಚಿತ್ರವೂ ಡಿಸ್ಕಿನಲ್ಲಿದೆ, ಆದರೆ ಎಷ್ಟು ಶಿಥಿಲವಾಗಿದೆ ಅಂದರೆ ಒಂದೇ ಒಂದು ಸಲ ತೆರೆಯಬಹುದು. ಅದನ್ನು ಗದುಗಿನ ಓದುಮನೆಯಲ್ಲಿ ಮಾತ್ರ ಮಾಡುತ್ತಾರೆ. ನಮ್ಮ ಸರದಿ ನಾಳೆ ಬೆಳಿಗ್ಗೆ ಹತ್ತಕ್ಕೆ.

ನಿಮ್ಮ ಆ ಒಂದು ವಾರವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನೀವೆಲ್ಲ ನಮ್ಮ ಓಣಿಯವರೇ ಅನ್ನಿಸುತ್ತೀರಿ. ಸೋಮವಾರ ನಫೀಸಾ ಅವರು ಹಳೆಯ ಹಾಳೆಗಳನ್ನು ಸ್ಕ್ಯಾನ್ ಮಾಡುವ ಎರಡು ಯಂತ್ರಗಳ ವಿವರ ಹಾಕುತ್ತಾರೆ. ಮೊದಲನೆಯದು ಹಾಳೆಯನ್ನು ಉರುಳೆಗಳ ನಡುವೆ ಎಳೆದುಕೊಂಡು ಆ ಕಡೆ ಉಗುಳುವಂಥದ್ದು. ಮೂವತ್ತಾರು ಇಂಚು ಅಗಲ, ಬಲು ಚುರುಕು, ಗೋಡೆಗೆ ಒತ್ತಿ ನಿಲ್ಲಿಸಬಹುದು. ಹಳದಿಯಾದ ಹಾಳೆಯ ಬಣ್ಣವನ್ನು ತಾನೇ ತೆಗೆದು ಬೆಳ್ಳಗೆ ಮಾಡಿಕೊಡುತ್ತದೆ. ಎರಡನೆಯದು ಮಂಚದಂಥ ಯಂತ್ರ. ಹಾಳೆಯನ್ನು ಮುಖ ಮೇಲಾಗಿ ಹಾಸಬೇಕು, ಮೇಲಿಂದ ಕ್ಯಾಮೆರಾ ನಿಧಾನಕ್ಕೆ ಸಾಗುತ್ತದೆ. ನಲವತ್ತೆಂಟು ಇಂಚು ಅಗಲ, ಇದ್ದ ಬಣ್ಣ ಇದ್ದ ಹಾಗೆ. ಆದರೆ ಅದನ್ನು ಇಡಲು ಕಚೇರಿಯಲ್ಲಿದ್ದದ್ದು ಒಂದೇ ಜಾಗ, ನೀವೆಲ್ಲ ಕೂತು ಬುತ್ತಿ ಬಿಚ್ಚುವ ಟೇಬಲ್ಲಿನ ಜಾಗ.

"ಅದನ್ನ ತಂದ್ರ ಊಟ ಎಲ್ಲಿ ಮಾಡೂದು? ಸ್ಕ್ಯಾನರ್ ಮ್ಯಾಲೆ ರೊಟ್ಟಿ ಹಾಸೂದೇನು?" ಇದು ಶೈಲಜಾ ಮೇಡಂ.

"ಹಾಸ್ರಿ ಮ್ಯಾಡಮ್, ರೊಟ್ಟಿ ನಲವತ್ತೆಂಟು ಇಂಚಿಂದು ಮಾಡಿಸಿಕೊಂಡು ಬರ್ರಿ." ಇದು ನಫೀಸಾ.

ಮಂಗಳವಾರ ಮಾರಾಟದವರು ಮೊದಲನೇ ಯಂತ್ರವನ್ನು ಕಚೇರಿಗೇ ತಂದು ಒಂದು ಹಾಳೆ ಓಡಿಸಿ ತೋರಿಸಿದರು. ಮೇಡಂ ಅವರ ದನಿ ಕೇಳಬೇಕು! "ಕಾಕಾ, ನೀವಿರಬೇಕಿತ್ತು. ಚಹಾ ಕಲಿ ಇಲ್ಲ, ಟೇಪಿನ ಗುರುತಿಲ್ಲ. ಹಾಲಿನಂಗ ಬೆಳ್ಳಗ ಬಂತು ನೋಡ್ರಿ. ನಿಮ್ಮ ಗೆರಿ ಅಷ್ಟs ಕರ್ರಗ ಎದ್ದು ನಿಂತಾವು." ನಿಮ್ಮ ಸಂತೋಷ ನನಗೆ ಅರ್ಥವಾಗುತ್ತದೆ, ಮೇಡಂ. ತಂದೆಯ ಕಾಲದ ಕಚೇರಿ, ತೊಳೆದ ಧೋತರದಂಥ ಹಾಳೆಗಳನ್ನು ಮುಂದಿನವರಿಗೆ ಕೊಡಬೇಕೆಂಬ ಆಸೆ. ಸಂಕನಾಳದ ಹಾಳೆ ನಲವತ್ತು ಇಂಚು ಅಗಲವಿದೆ, ಇದರಲ್ಲಿ ಹಿಡಿಯುವುದಿಲ್ಲ ಎಂದು ನಫೀಸಾ ಹೇಳಿದಾಗ ನೀವು, "ಅಂಚಿನಾಗ ಏನೈತವಾ, ಖಾಲಿ. ಆ ಕಡೆ ಎರಡು ಈ ಕಡೆ ಎರಡು ಬ್ಲೇಡಿಲೆ ತಗದ್ರಾತು" ಅಂದಿರಿ. ಇದನ್ನು ಮೊದಲ ಸಲ ಕೇಳಿದಾಗ ನಾನು ಎದ್ದು ಊರೆಲ್ಲ ಒಂದು ಸುತ್ತು ನಡೆದು ಬಂದೆ.

ಆಮೇಲೆ ಬುಧವಾರ. ಬಡಿಗೇರ ಕಾಕಾ ಅವರ ಧ್ವನಿ. ಎಪ್ಪತ್ತೇಳು ವರ್ಷದ ದನಿ, ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿದೆ. ಅದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮೂರಿಗೆ ಅದು ಈಗ ಬಾಯಿಪಾಠ.

"ಶೈಲಜಾಬಾಯಿ, ಸ್ಕ್ಯಾನ್ ಮಾಡೂದಕ್ಕಿಂತ ಮೊದಲು ಒಂದು ಮಾತು. ನಾವು ಹಳೇ ಮಂದಿ, ಮನಸಿನಾಗಿನ ಮಾತು ತಿಳಿ ನೀಲಿ ಪೆನ್ಸಿಲಿಲೆ ಹಾಳಿ ಮ್ಯಾಲೆನ ಬರೀತಿದ್ವಿ. ಅಮೋನಿಯಾ ಪ್ರಿಂಟ್ ತಗದ್ರ ಆ ನೀಲಿ ಬರ್ತಿದ್ದಿಲ್ಲ. ಗಿರಾಕಿಗೆ ಕಾಣ್ತಿದ್ದಿಲ್ಲ, ನಮಗಷ್ಟs. ಸಂಕನಾಳದ ಹಾಳ್ಯಾಗ ಏಳನೇ ಕಂಬದ ಹತ್ರ ನಂದೊಂದು ತಪ್ಪೈತಿ. ನೀಲಿಲೆ ಬರದೀನಿ, ಲೆಕ್ಕಾನೂ ಅಂಚಿಗೆ ಮಾಡೀನಿ. ಮಸಿಲೆ ಎಳದ ಫೇರ್ ಗೆರಿ ತಿದ್ದಬೇಕಿತ್ತು, ತಿದ್ದಲಿಲ್ಲ. ಐವತ್ತೈದು ವರ್ಷ ಮನಸಿನಾಗ ಕುಂತೈತಿ. ಶುಕ್ರವಾರ ರಬ್ಬರ್ ತಗೊಂಡು ಬರ್ತೀನಿ. ಎಲ್ಲಾ ನೀಲಿ ಅಳಸಿ ಕೊಡ್ತೀನಿ, ಆಮ್ಯಾಲೆ ಮಾಡ್ರಿ. ಸತ್ತ ಮ್ಯಾಲೆ ಯಾರರ ನೋಡಿ, ಬಡಿಗೇರಂದು ಕೈ ತಪ್ಪಿತ್ತು ಅನಬಾರದು."

ಮೇಡಂ ಅದಕ್ಕೆ, "ಆಗಲಿ ಕಾಕಾ, ಬರ್ರಿ, ಗಿರ್ಮಿಟ್ ತರಿಸಿರ್ತೀನಿ" ಅಂದಿದ್ದಾರೆ. ಗುರುವಾರ ನಫೀಸಾ ಅವರ ಪ್ರಶ್ನೆ. ಅಲ್ಲಿಗೆ ಡಿಸ್ಕ್ ಮೌನ.

ನೋಡಿದಿರಾ? ಸರ್ಕಾರಿ ಪ್ರತಿಯಲ್ಲಿ ಮೂಡದ ಆ ನೀಲಿಯಲ್ಲಿ ನಮ್ಮ ಉತ್ತರ ಇದೆ. ಆದರೆ ಶುಕ್ರವಾರ ಏನಾಯಿತೋ ಗೊತ್ತಿಲ್ಲ. ಕಾಕಾ ಅಳಿಸಿರಬಹುದು. ಅಳಿಸದಿದ್ದರೂ ಮೊದಲನೇ ಯಂತ್ರ ಹಳದಿಯ ಜೊತೆ ನೀಲಿಯನ್ನೂ ಕುಡಿದಿರಬಹುದು. ಉಳಿದದ್ದನ್ನು ಬ್ಲೇಡು ತಿಂದಿರಬಹುದು. ಹಾಳೆಹುಚ್ಚರ ಸಾಲುಮಾತಿನಲ್ಲಿ ನನ್ನನ್ನು ಆಡಿಕೊಳ್ಳದವರಿಲ್ಲ. "ಯಾವ ಕಚೇರಿ ಊಟದ ಟೇಬಲ್ ಬಿಟ್ಟುಕೊಟ್ಟೀತು, ಕಾಶಿ? ನೀ ಬಿಡ್ತಿದ್ದೇನು?" ಎಂದು ಒಬ್ಬ ಕೇಳಿದ. ನೂರಾ ಎಪ್ಪತ್ತು ಜನ ಅದಕ್ಕೆ ನಕ್ಕರು. ನಾನು ಬಿಡುತ್ತಿದ್ದೆನೋ ಇಲ್ಲವೋ, ನಿಜ ಹೇಳಬೇಕೆಂದರೆ ಗೊತ್ತಿಲ್ಲ.

ಆದ್ದರಿಂದ ನನ್ನ ಉತ್ತರ ಇದು. ಹನ್ನೊಂದಕ್ಕೆ ಮುಂಚೆ ತಲುಪಲಿ ಎಂದು ಬೇಡಿಕೊಂಡು ಬರೆಯುತ್ತಿದ್ದೇನೆ. ನಫೀಸಾ, ಎರಡನೆಯದನ್ನೇ ತೆಗೆದುಕೊಳ್ಳಿ. ವೇಗ ನೋಡಬೇಡಿ, ನಿಮ್ಮ ಹಾಳೆಗಳು ಐವತ್ತು ವರ್ಷ ಸುರುಳಿಯಲ್ಲಿ ಕಾದಿವೆ, ಇನ್ನು ನಾಲ್ಕು ನಿಮಿಷ ಕಾಯುತ್ತವೆ. ಉರುಳೆಗಳ ಬಾಯಿಗೆ ಆ ಹಳೆಯ ಟ್ರೇಸಿಂಗ್ ಹಾಳೆ ಕೊಡಬೇಡಿ, ಒಣ ಹಪ್ಪಳದಂತೆ ಮುರಿಯುತ್ತದೆ. ನಿಮ್ಮಲ್ಲಿರುವ ಅತಿ ಅಗಲದ ಹಾಳೆಯನ್ನು ಅಳೆದು, ಅದಕ್ಕಿಂತ ಒಂದು ಗೇಣು ಹೆಚ್ಚಿಗೆ ಇರುವ ಯಂತ್ರ ನೋಡಿ. ತೋರಿಸಲು ಬಂದವರು ತಮ್ಮ ಹಾಳೆ ತಂದರೆ ಬೇಡ ಅನ್ನಿ, ನಿಮ್ಮ ಅತಿ ಕೊಳಕು ಹಾಳೆಯನ್ನೇ ಕೊಡಿ. ಬೆಳ್ಳಗೆ ಮಾಡುವ ಗುಂಡಿಯನ್ನು ಮುಟ್ಟಬೇಡಿ. ಮೇಡಂ, ಚಹಾದ ಕಲೆ ಇರಲಿ, ಅದನ್ನು ನೋಡಿ ನಮಗೆ ನಿಮ್ಮ ಮೇಲೆ ಪ್ರೀತಿಯೇ ಬರುತ್ತದೆ. ಬ್ಲೇಡನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ. ಮತ್ತೆ ಕಾಕಾ, ನಿಮಗೆ ಏನು ಹೇಳಲಿ? ನೀವು ಯಾವುದನ್ನು ತಪ್ಪು ಅನ್ನುತ್ತೀರೋ ಅದರ ಮೇಲೆ ನಮ್ಮೂರಿನ ಒಲೆ ಉರಿಯುತ್ತಿದೆ. ರಬ್ಬರನ್ನು ಮನೆಯಲ್ಲೇ ಮರೆತು ಬನ್ನಿ. ಗಿರ್ಮಿಟ್ ತಿನ್ನಿ. ಮನೆಗೆ ಹೋಗಿ.

ನಾಳೆ ಏನು ಕಾಣುತ್ತದೋ ಅದನ್ನು ಇದರ ಕೆಳಗೇ ಬರೆಯುತ್ತೇನೆ.

ಮಾರ್ಚ್ 1, ಸಂಜೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ದೊಡ್ಡವ್ವ, ಇರಾವತಿ, ನಾನು ಮೂವರೂ ಬೆಳಿಗ್ಗೆಯ ಎಳೆಬಂಡಿ ಹತ್ತಿ ಗದುಗಿಗೆ ಹೋದೆವು. ದೊಡ್ಡವ್ವ ದಾರಿಯುದ್ದಕ್ಕೂ ಇರಾವತಿಯವರ ಜೊತೆ ಮಾತಾಡಲಿಲ್ಲ. ಆದರೆ ಬುತ್ತಿ ಬಿಚ್ಚಿದಾಗ ಮೊದಲ ರೊಟ್ಟಿ ಅವರಿಗೇ ಕೊಟ್ಟಳು. ಓದುಮನೆಯಲ್ಲಿ ಚಿತ್ರ ಒಮ್ಮೆಗೇ ಬರುವುದಿಲ್ಲ, ಮೇಲಿನಿಂದ ಒಂದೊಂದೇ ಎಳೆಯಾಗಿ ನೇಯ್ದಂತೆ ಬರುತ್ತದೆ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಏ ಕಾಶಿ, ಇದ್ಯಾಕ ಬೆಳ್ಳಗಿಲ್ಲಲೇ," ಅಂದಳು ದೊಡ್ಡವ್ವ. "ಜ್ವಾಳದ ರೊಟ್ಟಿ ಸುಟ್ಟಂಗ ಐತಿ."

ಕಣ್ಣು ಬಿಟ್ಟೆ. ಹಳದಿ! ಇಡೀ ಹಾಳೆ ಹಳದಿ. ಟೇಪಿನ ಗುರುತು, ಚಹಾ ಲೋಟದ ಉಂಗುರ, ಎಲ್ಲ ಇದ್ದವು. ನಾನು ಅಲ್ಲೇ ಕಿರುಚಿದೆ, ಓದುಮನೆಯವರು ಬೈದರು. ಅಂಚುಗಳೂ ಪೂರ್ತಿ ಇದ್ದವು. ಒಂದನೇ ಕಂಬ ಬಂತು, ಎರಡನೆಯದು ಬಂತು. ಆರನೆಯದರ ನಂತರ ಎಳೆಗಳು ತಡವರಿಸಿದವು. ಇರಾವತಿ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು, ಯಾವಾಗ ಇಟ್ಟರೋ ತಿಳಿಯದು.

ಆಮೇಲೆ ಏಳನೇ ಕಂಬ. ಅದರ ಪಕ್ಕ ಬೆಳಗಿನ ಆಕಾಶದಷ್ಟು ತಿಳಿಯಾದ ನೀಲಿಯಲ್ಲಿ ಒಂದು ವೃತ್ತ, ಒಂದು ಬಾಣ, ಬಾಣದ ತುದಿಗೆ ಕಾಕಾ ಅವರ ಕೈ: "ಇಲ್ಲಿ ಮುಚ್ಚಿದ ಹಳೇ ಬಾವಿ ಸಿಕ್ಕಿತು. ಕಂಬ 7 ಪೂರ್ವಕ್ಕೆ 4 ಅಡಿ 6 ಇಂಚು ಸರಿಸಿದೆ. ಬುಡ ಒಂದೂವರೆ ಪಟ್ಟು ಅಗಲ. ವೀ.ಬ. 11-3-71." ಏಳರ ಸೊಂಟಕ್ಕೆ ಅಡ್ಡಗೆರೆ, ತುದಿಯಲ್ಲಿ ಕೊಕ್ಕೆ. ಅಂಚಿನಲ್ಲಿ ಭಾರದ ಲೆಕ್ಕ, ಆರು ಸಾಲು.

ಇರಾವತಿ ಆ ಆರು ಸಾಲನ್ನು ತಾವೇ ಎರಡು ಸಲ ಮಾಡಿ ನೋಡಿದರು. ಆಮೇಲೆ ಮೆಲ್ಲಗೆ, "ಜಾರಿದ್ದಲ್ಲ. ಸರಿಸಿದ್ದು" ಅಂದರು. "ತಪ್ಪಂತ ಯಾರಂದ್ರು ಇದಕ್ಕ? ನಾನಿದ್ರೂ ಇದನ್ನs ಮಾಡ್ತಿದ್ದೆ." ಕಾಕಾ, ಈ ಮಾತನ್ನು ನಿಮಗೆ ತಲುಪಿಸಲೆಂದೇ ಈ ಪತ್ರವನ್ನು ಹರಿಯದೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಂಗತಿ ಇದೆ, ಅದನ್ನು ಮೊದಲು ನೋಡಿದವಳು ದೊಡ್ಡವ್ವ. "ಇಲ್ಲಿ" ಎಂಬ ಮೊದಲ ಪದ ಸ್ವಲ್ಪ ಮಸುಕಾಗಿದೆ. ರಬ್ಬರ್ ಉಜ್ಜಿದ ಗುರುತು. ಅಂದರೆ ಕಾಕಾ, ನೀವು ಶುಕ್ರವಾರ ಬಂದಿರಿ, ಅಳಿಸಲು ಶುರು ಮಾಡಿದಿರಿ, ಒಂದು ಪದವೂ ಪೂರ್ತಿ ಮುಗಿಯುವ ಮೊದಲೇ ನಿಲ್ಲಿಸಿದಿರಿ. ಯಾರು ನಿಲ್ಲಿಸಿದರು, ಏನು ಹೇಳಿ ನಿಲ್ಲಿಸಿದರು, ಗೊತ್ತಿಲ್ಲ. ಆದರೆ ಅದೇ ಅಂಚಿನಲ್ಲಿ, ಸುರುಳಿಯಾಗಿ ಏಳುತ್ತಿದ್ದ ಮೂಲೆಯನ್ನು ಒತ್ತಿ ಹಿಡಿದ ಒಂದು ಹೆಬ್ಬೆರಳು ಹಾಳೆಯ ಜೊತೆಗೇ ಸ್ಕ್ಯಾನ್ ಆಗಿಬಿಟ್ಟಿದೆ. ಉಗುರಿನ ತುಂಬ ಹಬ್ಬದ ಮೆಹಂದಿ, ಕಿತ್ತಳೆ ಬಣ್ಣ. ಮೊದಲನೇ ಯಂತ್ರವಾಗಿದ್ದರೆ ಆ ಬೆರಳಿಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ನಫೀಸಾ, ನಿಮ್ಮ ಮುಖ ನಾನು ನೋಡಿಲ್ಲ. ಬೆರಳು ನೋಡಿದೆ, ಸಾಕು.

ನನ್ನ ಉತ್ತರ ನಿಮಗೆ ತಲುಪಿತೋ, ಅಥವಾ ಅದು ಬೇಕಾಗಿಯೇ ಇರಲಿಲ್ಲವೋ, ಆ ಜಗಳ ಹಾಳೆಹುಚ್ಚರಿಗೆ ಬಿಟ್ಟಿದ್ದೇನೆ. ಸಾಲುಮಾತು ಈಗಾಗಲೇ ಮೂರು ಸಾವಿರ ದಾಟಿದೆ. ನನ್ನದೊಂದೇ ಕೋರಿಕೆ. ಇನ್ನೂ ಸುರುಳಿಯಲ್ಲೇ ಇರುವ ಹಾಳೆಗಳನ್ನೂ ಹಾಗೆಯೇ ಮಾಡಿಡಿ, ಕಲೆ ಸಮೇತ, ನೀಲಿ ಸಮೇತ. ನಿಮಗೆ ನಾಚಿಕೆ ತರುವ ಹಾಳೆಯನ್ನು ಮೊದಲು ಮಾಡಿ.

ಇವತ್ತು ನೆರಳುಹೊತ್ತು ಮುಗಿಯುವ ಮೊದಲೇ ನಾವು ಊರಿಗೆ ಬಂದೆವು. ಇರಾವತಿ ಮಾತಿನಂತೆ ಪಂಕ್ತಿಯಲ್ಲಿ ಮೊದಲು ಕೂತರು. ದೊಡ್ಡವ್ವ ಅವರ ಪಕ್ಕದಲ್ಲಿ ಮೂರು ಜಾಗ ಖಾಲಿ ಬಿಟ್ಟು, ಅಲ್ಲೂ ತಟ್ಟೆ ಇಟ್ಟು ಬಡಿಸಿದಳು. ಅವು ನಿಮ್ಮ ಮೂವರವು. ಮೇಡಂ, ಆ ಯಂತ್ರ ತಂದರೆ ಊಟ ಎಲ್ಲಿ ಮಾಡೂದು ಅಂದಿದ್ದಿರಲ್ಲ? ಐದನೇ ಪ್ಲಾಟ್‌ಫಾರ್ಮಿಗೆ ಬನ್ನಿ, ಧಾರವಾಡದ ಕೆಳಗೆ.

ನಿಮ್ಮ
ಕಾಶವ್ವ